ಲ್ಯಾಬಿಗೂ ಬ್ಲೋವರ್ ಸ್ವಿಚ್ಚಿಗೂ ಎಷ್ಟು ದೂರ?

ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ ಒಂದು ಆಫೀಸು, ಒಂದು ಲ್ಯಾಬು ಕಟ್ಟಬೇಕು, ಅದು 'ಗ್ರೀನ್ ಬಿಲ್ಡಿಂಗ್' ಆಗಿರಬೇಕು ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರೋ ಚಿತ್ರ ಹೆಚ್ಚುಕಡಿಮೆ ಒಂದೇ. ತಾರಸಿ ಮೇಲೆ ಸೋಲಾರ್ ಪ್ಯಾನೆಲ್ಲು, ಗೋಡೆಗೆ ಹಬ್ಬಿಸಿದ ಬಳ್ಳಿ, ಬಾಗಿಲ ಪಕ್ಕ ರೇಟಿಂಗ್ ಫಲಕ. ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಮೇಜಿಗೂ ಇಂಥದೊಂದು ಯೋಜನೆಯ ಪಟ್ಟಿ ಬಂದಿತ್ತು. ಅದರಲ್ಲಿ ಸ್ವಾಗತದ ಲಾಬಿಗೆ ಅರ್ಧ ಪುಟ, ಲ್ಯಾಬಿಗೆ ಒಂದೇ ಸಾಲು. ಕೆಲಸಗಾರರ ಸ್ನಾನದ ಮನೆ ಅನ್ನೋ ಮಾತೇ ಇರಲಿಲ್ಲ. ಈ ಅದಲುಬದಲು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಒಂದೂವರೆ ಶತಮಾನದ ಕಥೆ ಬಿಚ್ಚಿಕೊಳ್ಳುತ್ತದೆ. ಲಂಡನ್ನಿನಲ್ಲಿ ಶುರುವಾಗುವ ಈ ಕಥೆ ಮ್ಯಾಂಚೆಸ್ಟರಿಗೆ ಹೋಗಿ, ಅಲ್ಲಿಂದ ನೇರ ನಮ್ಮ ಬೆಂಗಳೂರಿಗೇ ಬರುತ್ತದೆ.

1858ರ ಬೇಸಿಗೆ. ಲಂಡನ್ನಿನ ಥೇಮ್ಸ್ ನದಿ ನಾರುತ್ತಿತ್ತು. ವಾಸನೆ ತಡೆಯಲು ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ಕಟ್ಟಿದರು. ಊರಿನ ಕಾಲರಾಕ್ಕೆ ಅಲುಗದ ಸಂಸದರು ತಮ್ಮ ಮೂಗಿಗೇ ಬಂದಾಗ ಅಲುಗಿದರು. ಜೋಸೆಫ್ ಬ್ಯಾಝಲ್‌ಗೆಟ್ ಎಂಬ ಎಂಜಿನಿಯರಿಗೆ ಹಣವೂ ಅಧಿಕಾರವೂ ಸಿಕ್ಕಿತು. ಊರಿನ ಕೊಳಚೆಯನ್ನೆಲ್ಲ ದೊಡ್ಡ ದೊಡ್ಡ ಇಟ್ಟಿಗೆ ಸುರಂಗಗಳಲ್ಲಿ ಹಿಡಿದು ಪೂರ್ವಕ್ಕೆ ಸಾಗಿಸುವ ವ್ಯವಸ್ಥೆ ಆಯಿತು. ಆ ಸುರಂಗಗಳ ತುದಿಯಲ್ಲಿ ಕ್ರಾಸ್‌ನೆಸ್ ಎಂಬ ಜಾಗದಲ್ಲಿ ಒಂದು ಪಂಪಿಂಗ್ ಸ್ಟೇಷನ್ ಎದ್ದಿತು. 1865ರ ಏಪ್ರಿಲ್‌ನಲ್ಲಿ ಅದನ್ನು ಉದ್ಘಾಟಿಸಿದವನು ಸ್ವತಃ ಯುವರಾಜ.

ಕ್ರಾಸ್‌ನೆಸ್ಸಿನ ಫೋಟೋಗಳನ್ನು ಒಮ್ಮೆ ನೋಡಿ. ಚರ್ಚಿನಂಥ ಕಮಾನುಗಳು, ಬಣ್ಣ ಬಳಿದ ಎರಕದ ಕಬ್ಬಿಣದ ಎಲೆ-ಬಳ್ಳಿಗಳು, ನಡುವೆ ಎಂಟು ಮೂಲೆಯ ಮಂಟಪ. ನಾಲ್ಕು ದೈತ್ಯ ಉಗಿ ಯಂತ್ರಗಳಿಗೆ ರಾಜಮನೆತನದವರ ಹೆಸರು. ಕೊಳಚೆ ಎತ್ತುವ ಯಂತ್ರಕ್ಕೆ ವಿಕ್ಟೋರಿಯಾ ಅಂತ ಹೆಸರಿಡೋ ಧೈರ್ಯ ಇವತ್ತು ಯಾರಿಗಿದೆ ಹೇಳಿ! ಊರಿನ ಹೊಲಸು ಹೊರುವ ಕೆಲಸಕ್ಕೂ ಮರ್ಯಾದೆ ಇದೆ ಎಂದು ಆ ಕಟ್ಟಡ ಹೇಳುತ್ತದೆ. ಆ ಮಾತು ನನಗೆ ಇಷ್ಟ.

ಆದರೆ ಈ ದೇವಸ್ಥಾನದಲ್ಲಿ ನಡೆಯುತ್ತಿದ್ದ ಪೂಜೆ ಏನು? ಕೊಳಚೆಯನ್ನು ಎತ್ತಿ ತೊಟ್ಟಿಯಲ್ಲಿ ಹಿಡಿದಿಟ್ಟು, ಉಬ್ಬರದ ನೀರು ಇಳಿಯುವ ಹೊತ್ತಿಗೆ ನದಿಗೆ ಬಿಡುವುದು, ಅಷ್ಟೇ. ಶುದ್ಧ ಮಾಡುವ ಮಾತೇ ಇಲ್ಲ. 1878ರ ಸೆಪ್ಟೆಂಬರ್ 3ರ ಸಂಜೆ 'ಪ್ರಿನ್ಸೆಸ್ ಆಲಿಸ್' ಎಂಬ ವಿಹಾರ ನೌಕೆ ಥೇಮ್ಸಿನ ಅದೇ ಆಸುಪಾಸಿನಲ್ಲಿ ಕಲ್ಲಿದ್ದಲು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಆಗಷ್ಟೇ ಬಿಟ್ಟಿದ್ದ ಕೊಳಚೆಯ ನಡುವೆ 600ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ವಿಚಾರಣೆ, ಆಯೋಗ ಎಲ್ಲ ನಡೆದವು. ಸುಣ್ಣ ಮತ್ತು ಕಬ್ಬಿಣದ ಲವಣ ಹಾಕಿ ಕೆಸರನ್ನು ತಳಕ್ಕಿಳಿಸಿ, 1887ರಿಂದ ಆ ಕೆಸರನ್ನು ಹಡಗಿನಲ್ಲಿ ಒಯ್ದು ಸಮುದ್ರಕ್ಕೆ ಸುರಿಯತೊಡಗಿದರು. ಈ ಸುರಿಯುವಿಕೆ ನಿಂತದ್ದು ಯಾವಾಗ ಗೊತ್ತಾ? 1998ರಲ್ಲಿ!

ಇದು ನಮ್ಮ ಕಥೆಯ ಮೊದಲ ಕಟ್ಟಡ. ನೋಡಲು ಭವ್ಯ, ಅಳೆಯುವ ಕಣ್ಣು ಮಾತ್ರ ಇಲ್ಲ.

ಎರಡನೆಯ ಕಟ್ಟಡ ನೋಡಲು ಏನೇನೂ ಅಲ್ಲ. ಅಮೆರಿಕದ ಮೆಸಾಚುಸೆಟ್ಸ್‌ನ ಲಾರೆನ್ಸ್ ಎಂಬ ಗಿರಣಿ ಊರು, ಮೆರಿಮ್ಯಾಕ್ ನದಿಯ ದಡ. 1887ರಲ್ಲಿ ಆ ರಾಜ್ಯದ ಆರೋಗ್ಯ ಮಂಡಳಿ ಅಲ್ಲೊಂದು ಪ್ರಯೋಗ ಕೇಂದ್ರ ತೆರೆಯಿತು. ಮರಳು, ಜಲ್ಲಿ ತುಂಬಿದ ತೊಟ್ಟಿಗಳ ಮೇಲೆ ಕೊಳಚೆ ಸುರಿದು, ಕೆಳಗೆ ಏನು ಬರುತ್ತದೆಂದು ದಿನವೂ ಅಳೆಯೋದು ಅಲ್ಲಿನ ಕೆಲಸ. ನೀರು ಶುದ್ಧ ಮಾಡುವುದು ಮರಳಲ್ಲ, ಮರಳಿಗೆ ಅಂಟಿಕೊಂಡ ಜೀವಿಗಳು ಅನ್ನೋದು ಅಲ್ಲಿ ಗಟ್ಟಿಯಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಲಂಡನ್ನಿನ ರಸಾಯನಜ್ಞ ವಿಲಿಯಂ ಡಿಬ್ಡಿನ್ ಕೂಡ ಸೂಕ್ಷ್ಮಜೀವಿಗಳನ್ನು ಕೊಲ್ಲಬೇಡಿ, ಕೆಲಸಕ್ಕೆ ಹಚ್ಚಿ ಎಂದು ವಾದಿಸುತ್ತಿದ್ದ.

ಈ ಲಾರೆನ್ಸಿಗೆ 1912ರಲ್ಲಿ ಇಂಗ್ಲೆಂಡಿನಿಂದ ಒಬ್ಬರು ಬಂದರು. ಹೆಸರು ಗಿಲ್ಬರ್ಟ್ ಫೌಲರ್. ಮ್ಯಾಂಚೆಸ್ಟರ್ ನಗರಪಾಲಿಕೆಗೆ ಕೊಳಚೆಯ ವಿಷಯದಲ್ಲಿ ಸಲಹೆ ಕೊಡುತ್ತಿದ್ದ ರಸಾಯನಜ್ಞ. ನ್ಯೂಯಾರ್ಕ್ ಬಂದರಿನ ಮಾಲಿನ್ಯದ ಕೆಲಸಕ್ಕೆ ಬಂದವರು ಇಲ್ಲಿಗೂ ಬಂದರು. ಬಾಟಲಿಯೊಳಗೆ ಕೊಳಚೆ ತುಂಬಿ ಗಾಳಿ ಊದಿದರೆ ಅದು ತಿಳಿಯಾಗುವುದನ್ನು ಕಂಡರು. ಊರಿಗೆ ಮರಳಿ ಮ್ಯಾಂಚೆಸ್ಟರಿನ ಡೇವಿಹುಲ್ಮ್ ಘಟಕದ ಲ್ಯಾಬಿನಲ್ಲಿದ್ದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅವರಿಗೆ ಇದನ್ನೇ ಮಾಡಿ ನೋಡಿ ಅಂದರು.

ಅವರಿಬ್ಬರೂ ಕೊಳಚೆಗೆ ಗಾಳಿ ಊದಿದರು. ಪೂರ್ತಿ ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ಯಾವ ಊರೂ ಐದು ವಾರದ ಕೊಳಚೆಯನ್ನು ಇಟ್ಟುಕೊಂಡು ಕೂರಲಾರದು. ಇಲ್ಲಿ ಅವರು ಒಂದು ಸಣ್ಣ ಕೆಲಸ ಮಾಡಿದರು. ತಿಳಿ ನೀರನ್ನಷ್ಟೇ ಬಸಿದು, ತಳದಲ್ಲಿ ನಿಂತ ಕೆಸರನ್ನು ಹಾಗೇ ಬಿಟ್ಟು, ಅದರ ಮೇಲೆ ಹೊಸ ಕೊಳಚೆ ಸುರಿದು ಮತ್ತೆ ಗಾಳಿ ಊದಿದರು. ಮತ್ತೆ ಬಸಿದರು, ಮತ್ತೆ ಸುರಿದರು. ಪ್ರತಿ ಸಲವೂ ಸಮಯ ಕಡಿಮೆಯಾಗುತ್ತಾ ಬಂದು ಕೊನೆಗೆ 24 ಗಂಟೆಯೊಳಕ್ಕೆ ಇಳಿಯಿತು. ಮನೆಯಲ್ಲಿ ಹೆಪ್ಪು ಹಾಕೋರಿಗೆ ಇದು ಅರ್ಥ ಮಾಡಿಸಬೇಕಾದ ವಿಷಯವೇ ಅಲ್ಲ: ನಿನ್ನೆಯ ಮೊಸರಿನ ಒಂದು ಚಮಚ ಇಲ್ಲದೆ ಇವತ್ತಿನ ಮೊಸರಿಲ್ಲ. 1914ರ ಏಪ್ರಿಲ್ 3ರಂದು ಅವರು ಇದನ್ನು ಮ್ಯಾಂಚೆಸ್ಟರಿನ ಸಭೆಯೊಂದರಲ್ಲಿ ಮಂಡಿಸಿದರು. 'ಆಕ್ಟಿವೇಟೆಡ್ ಸ್ಲಡ್ಜ್', ಅಂದರೆ ಚುರುಕುಗೊಂಡ ಕೆಸರು ಅನ್ನೋ ಹೆಸರು ಅಲ್ಲಿಂದ ಬಂತು. ಜಗತ್ತಿನ ಬಹುಪಾಲು ದೊಡ್ಡ ಊರುಗಳ ಕೊಳಚೆ ಇವತ್ತಿಗೂ ಈ ಉಪಾಯ ಅಥವಾ ಇದರ ಮಕ್ಕಳು-ಮೊಮ್ಮಕ್ಕಳಿಂದಲೇ ಶುದ್ಧವಾಗುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ರಾತ್ರಿಯೆಲ್ಲ ಗುಂಯ್‌ಗುಡುವ ಬ್ಲೋವರ್ ಇದೆಯಲ್ಲ, ಅದೂ ಅದೇ ವಂಶದ್ದು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಈ ಶೋಧ ನಡೆದದ್ದು ವಿಶ್ವವಿದ್ಯಾಲಯದಲ್ಲಲ್ಲ, ಕೊಳಚೆ ಘಟಕದ ಒಳಗೇ ಇದ್ದ ಲ್ಯಾಬಿನಲ್ಲಿ. ದಿನವೂ ತಾಜಾ ಕೊಳಚೆ ಕೈಗೆ ಸಿಗುವ, ಫಲಿತಾಂಶ ಬಂದರೆ ನಾಳೆಯೇ ತೊಟ್ಟಿಯಲ್ಲಿ ಪರೀಕ್ಷಿಸಬಹುದಾದ ಜಾಗದಲ್ಲಿ.

ಮುಂದಿನ ತಿರುವು ನಮಗೆ ಸಂಬಂಧಿಸಿದ್ದು. 1916ರಲ್ಲಿ ಇದೇ ಫೌಲರ್ ಬೆಂಗಳೂರಿಗೆ ಬಂದರು, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ. ಆಕ್ಟಿವೇಟೆಡ್ ಸ್ಲಡ್ಜ್ ಹುಟ್ಟಿದ ಎರಡೇ ವರ್ಷಕ್ಕೆ ಅದರ ಸೂಲಗಿತ್ತಿಯೇ ಮಲ್ಲೇಶ್ವರದ ಪಕ್ಕಕ್ಕೆ ಬಂದ ಹಾಗಾಯಿತು. ಅಲ್ಲಿನ ಜೀವರಸಾಯನ ವಿಭಾಗಕ್ಕೆ ಬುನಾದಿ ಹಾಕಿದವರೂ ಅವರೇ. ಕೊಳಚೆಯಲ್ಲಿರುವ ಸಾರಜನಕ ಹೊಲಕ್ಕೆ ಮರಳಬೇಕು, ಹೊಳೆಗೆ ಹೋಗಿ ಹಾಳಾಗಬಾರದು ಅನ್ನೋದು ಅವರನ್ನು ಬಿಡದ ವಿಚಾರ. 1934ರಲ್ಲಿ ಅದರ ಬಗ್ಗೆಯೇ ಒಂದು ಪುಸ್ತಕ ತಂದರು. ಆ ವಿಭಾಗದ ಕೆಸರಿನ ನಂಟು ಅವರೊಂದಿಗೆ ಮುಗಿಯಲಿಲ್ಲ. ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ಕೆಸರನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಶುದ್ಧೀಕರಣದಲ್ಲಿ ಬ್ಯಾಕ್ಟೀರಿಯಾ ಮಾತ್ರವಲ್ಲ, ಪ್ರೋಟೋಜೋವಾಗಳೂ ಮುಖ್ಯ ಎಂದು 1942ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಇದೇ ಸುಬ್ರಹ್ಮಣ್ಯನ್ ಮುಂದೆ ಮೈಸೂರಿನ ಸಿಎಫ್‌ಟಿಆರ್‌ಐನ ಮೊದಲ ನಿರ್ದೇಶಕರಾದರು. ಕೊಳಚೆ ಸಂಸ್ಕರಣೆ ಅಂದರೆ ಹೊರದೇಶದಿಂದ ಬಂದ ತಂತ್ರಜ್ಞಾನ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಇಷ್ಟು ಹಳೆಯ ಲ್ಯಾಬ್ ಪರಂಪರೆ ನಮ್ಮ ಊರಲ್ಲೇ ಇತ್ತು ಅನ್ನೋದು ಮರೆತೇ ಹೋಗಿದೆ.

ಸರಿ, ಈ ಚರಿತ್ರೆ ಇಟ್ಟುಕೊಂಡು ಇವತ್ತಿನ ಕಟ್ಟಡ ಹೇಗೆ ಕಟ್ಟೋದು?

ಮೊದಲು ಕರೆಂಟಿನ ಲೆಕ್ಕ. ಆಕ್ಟಿವೇಟೆಡ್ ಸ್ಲಡ್ಜ್ ಘಟಕದಲ್ಲಿ ಉರಿಯುವ ವಿದ್ಯುತ್ತಿನ ಅರ್ಧದಷ್ಟು, ಎಷ್ಟೋ ಕಡೆ ಅದಕ್ಕೂ ಹೆಚ್ಚು, ತೊಟ್ಟಿಗೆ ಗಾಳಿ ಊದುವುದಕ್ಕೇ ಹೋಗುತ್ತದೆ. ಅದರ ಮುಂದೆ ಆಫೀಸಿನ ಫ್ಯಾನು, ಲೈಟು, ಕಂಪ್ಯೂಟರ್ ಲೆಕ್ಕಕ್ಕೇ ಇಲ್ಲ. ತೊಟ್ಟಿಯ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಸುಮಾರು 2 ಮಿಲಿಗ್ರಾಂ ಇದ್ದರೆ ಸಾಮಾನ್ಯವಾಗಿ ಸಾಕು. 5 ಇದ್ದರೆ ಕರೆಂಟ್ ದಂಡ, ಶೂನ್ಯಕ್ಕೆ ಬಂದರೆ ಜೀವಿಗಳು ಸಾಯುತ್ತವೆ, ನಾತ ಶುರು. ಅಂದರೆ ಆ ಆವರಣದಲ್ಲಿ ಅತಿ ಹೆಚ್ಚು ಕರೆಂಟ್ ಉಳಿಸಬಲ್ಲದ್ದು ಆಮ್ಲಜನಕ ಅಳೆಯುವ ಒಂದು ಮೀಟರು, ಅದನ್ನು ಓದಿ ಬ್ಲೋವರ್ ತಗ್ಗಿಸೋ ಒಬ್ಬ ಮನುಷ್ಯ. ತಾರಸಿಯ ಸೋಲಾರಿಗೆ ಆಮೇಲಿನ ಸ್ಥಾನ. ಹಾಗಾಗಿ ನಕ್ಷೆಯ ಮೇಲೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಲ್ಯಾಬಿನಿಂದ ತೊಟ್ಟಿಗೆ, ತೊಟ್ಟಿಯಿಂದ ಬ್ಲೋವರ್ ಸ್ವಿಚ್ಚಿಗೆ ಎಷ್ಟು ಹೆಜ್ಜೆ? ದೂರ ಹೆಚ್ಚಿದಷ್ಟೂ ಆ ನಡಿಗೆ ಕಡಿಮೆಯಾಗುತ್ತದೆ, ಮಳೆ ಬಂದ ದಿನವಂತೂ ಬರೀ ಪುಸ್ತಕದಲ್ಲಿ ನಡೆಯುತ್ತದೆ.

ಹಾಗಂತ ತೀರಾ ಹತ್ತಿರ ಹೋದರೆ ಬ್ಲೋವರಿನ ನಡುಕಕ್ಕೆ ಲ್ಯಾಬಿನ ಸೂಕ್ಷ್ಮ ತಕ್ಕಡಿ ನಿಲ್ಲೋದಿಲ್ಲ. ಹಾಗಾಗಿ ತಕ್ಕಡಿ ನೆಲಮಹಡಿಯಲ್ಲಿರಬೇಕು, ಕಟ್ಟಡದ ನೆಲಕ್ಕೆ ತಾಗದ ಪ್ರತ್ಯೇಕ ಕಟ್ಟೆಯ ಮೇಲೆ. ಸೂಕ್ಷ್ಮದರ್ಶಕಕ್ಕೆ ತಾಜಾ ಕೆಸರು ಬೇಕು, ಸಿಲಿಂಡರಿನಲ್ಲಿ ಕೆಸರು ಎಷ್ಟು ಇಳಿಯಿತೆಂದು ನೋಡೋ ಅರ್ಧ ಗಂಟೆಯ ಪರೀಕ್ಷೆಗೂ ತಾಜಾ ಕೆಸರೇ ಬೇಕು. ಇವೆರಡಕ್ಕೂ ತೊಟ್ಟಿಯ ಬದಿಯ ಕೋಣೆ, ತಕ್ಕಡಿಗೆ ಆಚೆ ಬದಿಯ ಕೋಣೆ. ಕಟ್ಟಡದ ಆಕಾರ ಇಂಥ ಸಣ್ಣ ಜಗಳಗಳನ್ನು ಬಿಡಿಸುತ್ತಾ ಬಿಡಿಸುತ್ತಾ ತಾನೇ ಮೂಡುತ್ತದೆ.

ಇನ್ನು ಗಾಳಿ. ಎಸಿ ಇಲ್ಲದೆ ಕೂರಬಹುದಾದ ಹವೆ ಬೆಂಗಳೂರಿನದು. ಆದರೆ ಕೊಳಚೆ ಘಟಕದಲ್ಲಿ ಕಿಟಕಿ ತೆರೆಯೋರು ಯಾರು? ಗಾಳಿ ಬೀಸುವ ದಿಕ್ಕು ನೋಡಿ ಕಟ್ಟಿ ಅನ್ನೋ ಉಪದೇಶವೂ ಇಲ್ಲಿ ಪೂರ್ತಿ ಸಾಲದು, ಮಳೆಗಾಲದಲ್ಲಿ ಪಶ್ಚಿಮದ ಗಾಳಿ, ಚಳಿಗಾಲದಲ್ಲಿ ಪೂರ್ವದ್ದು. ಉಪಾಯ ಬೇರೆಯಿದೆ. ನಾತ ಹೆಚ್ಚಿರೋದು ಕೊಳಚೆ ಒಳಬರುವ ಬಾಯಿಯಲ್ಲಿ ಮತ್ತು ಕೆಸರು ಹಿಂಡುವ ಜಾಗದಲ್ಲಿ. ಅವೆರಡನ್ನೂ ಮುಚ್ಚಿ, ಆ ಗಾಳಿಯನ್ನು ಸೋಸಿ ಬಿಡಬೇಕು. ಸರಿಯಾಗಿ ನಡೆಯುವ ಗಾಳಿ ತೊಟ್ಟಿಗೆ ಒದ್ದೆ ಮಣ್ಣಿನ ವಾಸನೆ ಇರುತ್ತದೆ, ಅಷ್ಟೇ. ಕಟ್ಟಡವನ್ನು ಆ ಕಡೆಗೆ ತಂದರೆ ಕಿಟಕಿ ತೆರೆಯಬಹುದು. ಇದರಲ್ಲಿ ಇನ್ನೊಂದು ಲಾಭವೂ ಇದೆ. ಕಿಟಕಿ ತೆರೆದ ಆಫೀಸಿನಲ್ಲಿ ಕೂತ ಸಾಹೇಬರಿಗೆ ಘಟಕ ಹದಗೆಟ್ಟ ದಿನ ರಿಪೋರ್ಟಿಗಿಂತ ಮೊದಲು ಮೂಗೇ ಹೇಳುತ್ತದೆ. 1858ರ ಪಾರ್ಲಿಮೆಂಟಿಗೆ ಹೇಳಿದ ಹಾಗೆ. ಪೂರ್ತಿ ಗಾಜು ಮುಚ್ಚಿ ಎಸಿ ಹಾಕಿದರೆ ಆ ಮೂಗನ್ನೇ ಕಟ್ಟಿದ ಹಾಗೆ. ಕೊಳಚೆಯಿಂದೇಳುವ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ಕಪ್ಪಗೆ ಮಾಡಿ ತಿನ್ನುತ್ತದೆ, ಎಸಿಯ ಸುರುಳಿಯನ್ನೂ ಸರ್ಕ್ಯೂಟ್ ಬೋರ್ಡನ್ನೂ ಬಿಡುವುದಿಲ್ಲ.

ಲ್ಯಾಬು ಮಾತ್ರ ಬೇರೆ ಪ್ರಾಣಿ. ವಿಷದ ಹೊಗೆ ಎಳೆಯುವ ಗೂಡಿನಿಂದ ಹೊರಹೋದ ಗಾಳಿಯನ್ನು ಮತ್ತೆ ಒಳತರುವಂತಿಲ್ಲ. ತಂಪು ಮಾಡಿದ ಗಾಳಿಯೆಲ್ಲ ಚಿಮಣಿಗೆ ಹೋಗುತ್ತದೆ. ಅದಕ್ಕೇ ಜಾಗದ ಲೆಕ್ಕದಲ್ಲಿ ಲ್ಯಾಬು ಆಫೀಸಿಗಿಂತ ಹಲವು ಪಟ್ಟು ಕರೆಂಟ್ ತಿನ್ನುತ್ತದೆ. ಇಡೀ ಕಟ್ಟಡವನ್ನು ಒಂದೇ ಎಸಿ ಡಬ್ಬಿ ಮಾಡದೆ, ಲ್ಯಾಬಿನ ಅಗತ್ಯದ ಕೋಣೆಗಳನ್ನಷ್ಟೇ ಒಂದು ಕಡೆ ಒಟ್ಟು ಮಾಡಿ ತಂಪು ಮಾಡೋದೇ ಜಾಣತನ. ಬಿಒಡಿ ಪರೀಕ್ಷೆ ಇದೆಯಲ್ಲ, ನೀರಿನಲ್ಲಿರುವ ಹೊಲಸನ್ನು ತಿಂದು ಮುಗಿಸಲು ಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅಂತ ಅಳೆಯೋದು, ಅದಕ್ಕೊಂದು ಇತಿಹಾಸವಿದೆ. ಬ್ರಿಟನ್ನಿನ ರಾಯಲ್ ಆಯೋಗ 1912ರಲ್ಲಿ ಅದಕ್ಕೆ ಐದು ದಿನ, ಅಲ್ಲಿನ ತಂಪಿಗೆ ತಕ್ಕ ಉಷ್ಣತೆ ನಿಗದಿ ಮಾಡಿತು. ನಮ್ಮ ದೇಶದ ಹವೆಗೆ ತಕ್ಕಂತೆ ಇಲ್ಲಿ ಅದು 27 ಡಿಗ್ರಿಯಲ್ಲಿ ಮೂರು ದಿನ. ಆ ಮೂರು ದಿನ ಪೆಟ್ಟಿಗೆಯ ಉಷ್ಣತೆ ಏರುಪೇರಾಗುವಂತಿಲ್ಲ. ಎರಡನೆಯ ರಾತ್ರಿ ಕರೆಂಟ್ ಹೋದರೆ ಪರೀಕ್ಷೆಯೂ ಹೋಯಿತು. ಹಾಗಾಗಿ ಸೋಲಾರ್ ಮತ್ತು ಬ್ಯಾಟರಿಯ ಮೊದಲ ಹಕ್ಕು ಆ ಪೆಟ್ಟಿಗೆಯದು, ಲಾಬಿಯ ದೀಪದ್ದಲ್ಲ.

ಸಿಂಕಿನ ವಿಷಯ ಇನ್ನೂ ಮುಖ್ಯ. ಸಿಒಡಿ ಎಂಬ ಪರೀಕ್ಷೆಯಲ್ಲಿ ಪಾದರಸ, ಕ್ರೋಮಿಯಂ ಲವಣಗಳು, ಗಂಧಕಾಮ್ಲ ಬಳಸುತ್ತಾರೆ. ಅದರ ಉಳಿಕೆಯನ್ನು ಸಿಂಕಿಗೆ ಸುರಿದರೆ ಸೀದಾ ಹೋಗೋದು ಅದೇ ಘಟಕದ ಬಾಯಿಗೆ. ನೀರು ಶುದ್ಧವಾಗಿದೆಯಾ ಅಂತ ನೋಡೋ ಲ್ಯಾಬೇ ಆ ನೀರಿಗೆ ಪಾದರಸ ಬೆರೆಸಿದ ಹಾಗೆ! ಆ ಉಳಿಕೆಗೆ ಬೇರೆ ಡಬ್ಬಿ, ಬೇರೆ ಕೋಣೆ, ಬೇರೆ ವಿಲೇವಾರಿ ನಕ್ಷೆಯಲ್ಲೇ ಇರಬೇಕು. ಯಾವ ರೇಟಿಂಗ್ ಫಲಕಕ್ಕಿಂತಲೂ ಇದು ದೊಡ್ಡದು.

ಇದನ್ನೆಲ್ಲ ಯಾರಾದರೂ ಮಾಡಿದ್ದಾರಾ? ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಊರಿನಲ್ಲಿ ಲಾಟ್ ಎಂಬ ಸಂಸ್ಥೆಯ ಕಟ್ಟಡವಿದೆ, 2010ರದ್ದು. ಕೊಳಚೆ ಘಟಕದ ಪಕ್ಕದಲ್ಲೇ ಆಫೀಸು, ಲ್ಯಾಬು, ಜೊತೆಗೆ ಮಕ್ಕಳು ಬಂದು ನೋಡಿ ಕಲಿಯುವ ವಿಜ್ಞಾನ ಕೇಂದ್ರ. ಸುತ್ತ ಇರೋ ಕೊಳದ ನೀರು ಅಲ್ಲೇ ಶುದ್ಧವಾದ ಕೊಳಚೆ ನೀರು, ಶೌಚಾಲಯಕ್ಕೂ ಅದೇ. ಚಳಿಗೆ ಕಟ್ಟಡ ಬೆಚ್ಚಗಿಡಲು ಕೆಸರಿನಿಂದ ಬರುವ ಮೀಥೇನಿನ ಶಾಖ. ಪ್ಲಾಟಿನಮ್ ಫಲಕವೂ ಇದೆ. ಆದರೆ ಇದರಲ್ಲಿ ಹೊಸತೇನಿಲ್ಲ ಅನ್ನೋದೇ ನನಗೆ ಖುಷಿಯ ವಿಷಯ. ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಡೊನಾಲ್ಡ್ ಕ್ಯಾಮರನ್ 1895ರಲ್ಲೇ ಕೊಳಚೆ ತೊಟ್ಟಿಯ ಅನಿಲದಿಂದ ಆ ಜಾಗದ ದೀಪ ಹಚ್ಚಿದ್ದ. ನಮ್ಮ ಮುಂಬಯಿಯ ಮಾತುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ 1897ರಲ್ಲೇ ಕೊಳಚೆ ತೊಟ್ಟಿಗೆ ಅನಿಲ ಹಿಡಿಯುವ ವ್ಯವಸ್ಥೆ ಇತ್ತು. ಸಮಾಜ ಹೊರಗಿಟ್ಟ ಜನರ ಕೇರಿಯಲ್ಲಿ, ಸಮಾಜ ಹೊರಗಿಟ್ಟ ವಸ್ತುವಿನಿಂದ ಇಂಧನ.

ಆ ಅನಿಲ ನಮ್ಮ ಕಟ್ಟಡದಲ್ಲಿ ಮೊದಲು ಯಾರಿಗೆ ಸಿಗಬೇಕು? ಬೆಂಗಳೂರಿಗೆ ಕೋಣೆ ಬೆಚ್ಚಗೆ ಮಾಡೋ ಅಗತ್ಯವಿಲ್ಲ, ನಿಜ. ಆದರೆ ಜಾಲರಿಯಲ್ಲಿ ಸಿಕ್ಕ ಕಸ ಎತ್ತಿದವನಿಗೆ, ಕೆಸರಿನ ಪಂಪು ಬಿಚ್ಚಿ ರಿಪೇರಿ ಮಾಡಿದವನಿಗೆ ಬಿಸಿನೀರು ಬೇಕು. ಕೊಳಕು ಬಟ್ಟೆ ಬಿಚ್ಚುವ ಕೋಣೆ, ನಡುವೆ ಸ್ನಾನ, ಆಚೆಗೆ ಮನೆಬಟ್ಟೆ ಹಾಕುವ ಕೋಣೆ, ಊಟದ ಕೋಣೆ ಅದರ ನಂತರ. ಹೆಂಗಸರಿಗೂ ಅಷ್ಟೇ ಅಚ್ಚುಕಟ್ಟಾಗಿ. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಕೆಜಿಎಫ್‌ನವರು. 2013ರಲ್ಲಿ ಕಾನೂನು ಬಂದ ಮೇಲೂ ಗುಂಡಿಗಿಳಿದವರ ಸಾವು ನಿಂತಿಲ್ಲ. ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷಕ್ಕೆ ಏರಿಸಬೇಕಾಗಿ ಬಂತು. ಮನುಷ್ಯ ಇಳಿಯಬೇಕಾದ ಒಂದೇ ಒಂದು ಗುಂಡಿಯನ್ನೂ ನಕ್ಷೆಯಲ್ಲಿ ಉಳಿಸದೇ ಇರುವುದು ಸುಸ್ಥಿರತೆಯ ಮೊದಲ ಪಾಠ. ಪಂಪನ್ನೇ ಮೇಲಕ್ಕೆತ್ತುವ ಸರಪಳಿ, ಹಳಿ ಹಾಕಿದರೆ ಅವನು ಇಳಿಯಬೇಕಿಲ್ಲ.

ಕೋಲಾರದ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಘಟಕಗಳಿಂದ ಶುದ್ಧ ಮಾಡಿದ ನೀರು 2018ರಿಂದ ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಯೋಜನೆ ದಿನಕ್ಕೆ 440 ದಶಲಕ್ಷ ಲೀಟರಿನದ್ದು. ಅದೇ ವರ್ಷ ಕೆರೆಯಲ್ಲಿ ನೊರೆ ಕಾಣಿಸಿಕೊಂಡು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನ ತನಕ ಹೋಯಿತು. ಬರಿದಾದ ಕೆರೆಗಳು ತುಂಬಿದ್ದು ನಿಜ, ಆ ನೀರಿನ ಮೇಲೆ ಅನುಮಾನ ಇರೋದೂ ನಿಜ. ನಾವು ಇಲ್ಲಿ ಫ್ಲಶ್ ಮಾಡಿದ್ದು ಅಲ್ಲಿ ಒಬ್ಬ ರೈತನ ಬೋರ್‌ವೆಲ್ಲಿನ ನೆರೆಗೆ ಹೋಗಿ ನಿಲ್ಲುತ್ತದೆ. ನಡುವೆ ನಿಂತಿರೋದು ಲ್ಯಾಬಿನ ಒಂದು ಅಂಕಿ, ಆ ಅಂಕಿ ಬರೆದ ಒಬ್ಬ ಹುಡುಗಿ ಅಥವಾ ಹುಡುಗ.

ಹಾಗಾಗಿ ಕಟ್ಟಡದ ರಸ್ತೆ ಕಡೆಯ ಗೋಡೆಯಲ್ಲಿ ನಾನು ಇಡುವುದು ಫಲಕವಲ್ಲ, ಕಿಟಕಿ. ಲ್ಯಾಬಿನ ಒಳಗೆ ನಡೆಯೋದು ಹೊರಗಿನವರಿಗೆ ಕಾಣಬೇಕು. ಪಕ್ಕದಲ್ಲಿ ಒಂದು ಬೋರ್ಡು: ಇವತ್ತು ಎಷ್ಟು ನೀರು ಒಳಬಂತು, ಎಷ್ಟು ಹೊರಹೋಯಿತು, ಬಿಒಡಿ ಎಷ್ಟು, ಬ್ಲೋವರ್ ಎಷ್ಟು ಯೂನಿಟ್ ತಿಂದಿತು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಅಂಕಿ ಕೆಟ್ಟ ದಿನವೂ ಹಾಗೇ ಬರೆಯಬೇಕು. ಆ ಬೋರ್ಡಿನ ಇನ್ನೊಂದು ಪ್ರತಿ ಕೋಲಾರದ ಕೆರೆ ಏರಿಯ ಮೇಲೂ ಇರಬೇಕು.